ಹಿಂದಿನ ಅನುಭವ

ವಾಲ್ಸಾಲ್, ಮಂಗಳವಾರ, ಸಂಜೆ ಆರೂವರೆ.
ಹಳೆಯ ಲಗಾಮು ಕಾರ್ಖಾನೆಯ ಮೇಲಂತಸ್ತು.
ಬಸ್ಸನ್ನು ಡಿಪೋದಲ್ಲಿ ಬಿಟ್ಟು ಸಮವಸ್ತ್ರದಲ್ಲೇ ಬಂದೆ.
ಮೇಜಿನ ಮೇಲೊಂದು ಅರ್ಜಿ. ಹೆಸರು: ಭರಮಪ್ಪ.
ಹಿಂದಿನ ಅನುಭವ?
ಇಲ್ಲ, ಎಂದು ಬರೆದೆ.
ಸುಳ್ಳೇನಲ್ಲ.

ಎನಿಡ್ ಪರ್ಸ್‌ಹೌಸ್, ಎಪ್ಪತ್ನಾಲ್ಕು,
ಐವತ್ತು ವರ್ಷ ಕುದುರೆಯ ಜೀನು ಹೊಲಿದವಳು.
ಅವಳ ಇಂಗ್ಲಿಷು ಈ ಸೀಮೆಯದೇ, ಲಂಡನ್ನಿನವರಿಗೂ ತಿಳಿಯದ್ದು;
ನನ್ನ ಕಿವಿಗದು ಅಥಣಿಯ ಕನ್ನಡವಾಗಿಯೇ ಬೀಳುತ್ತದೆ:

"ಇಸ್ಪೀಟಿನ ಚೌಕಟ ಎಲಿ ಇರತದಲ್ಲ,
ಆರಿ ತುದಿ ಹಂಗಿರಬೇಕ ನೋಡಪಾ.
ದುಂಡಂದು ಬರೇ ನೂಕತದ, ಇದು ಕೊಯ್ತದ.
ಕೊಯ್ದ ತೂತು ದಾರ ಹೋದಮ್ಯಾಲೆ ಬಾಯಿ ಮುಚ್ಚತದ,
ನೂಕಿದ್ದು ಬಾಯಿ ತಕ್ಕೊಂಡ ಕುಂತಿರತದ."

ಒಂಬತ್ತು ಆರಿ ಹರವಿದಳು.
"ಕಣ್ಣ ಮುಚ್ಚಿ ಆರಸು. ಹಿಡಿಕಿ ಅಂಗೈ ಕುಣಿಯಾಗ ಕೂಡಬೇಕು."
ಏಳನೆಯದು ಕೂತಿತು.
ಯಾರದೋ ಹೆಬ್ಬೆರಳು ಅದರ ಕಟ್ಟಿಗೆಯಲ್ಲಿ
ಮೊದಲೇ ಒಂದು ತಗ್ಗು ಮಾಡಿಟ್ಟು ಹೋಗಿತ್ತು.

ಪಕ್ಕದಲ್ಲಿ ಡೆನ್ಜಿಲ್,
ಶನಿವಾರ ಬಂದರೆ ಕ್ಯಾನಕ್ ಚೇಸ್ ಕಾಡಿನಲ್ಲಿ ಮಲಗುವವನು.
ಅವನಿಗೆ ಬೇಕಾದದ್ದು ಗಿಡ್ಡನೆಯದು, ಕಿಸೆಯದು,
ಒದ್ದೆಯಾಗಿ ತುಕ್ಕು ಹಿಡಿದರೂ ಮುನಿಯದ್ದು:
ಬರ್ಚ್ ತೊಗಟೆಗೆ, ಟೆಂಟಿನ ಹರಕಿಗೆ, ಚೂರಿಯ ಒರೆಗೆ.
"ತೊಗಟಿಗೆ ದುಂಡಂದ ಛಲೋ. ಕೊಯ್ದರ ಸೀಳತದ.
ಆದರ ಮಡಚೋ ಚಾಕೂದಾಗಿನ ಆರಿ ನಂಬಬ್ಯಾಡ."
ಡೆನ್ಜಿಲ್ ಸುಮ್ಮನೆ ತೋರುಬೆರಳು ಎತ್ತಿ
ಅರ್ಧಚಂದ್ರದಂಥ ಕಲೆ ತೋರಿಸಿದ.

ಅಂಗಡಿಯಿಂದ ತಂದದ್ದು ಆರಿಯಲ್ಲ, ಬರೀ ಮೊಳೆ.
ಎರಡು ಮಂಗಳವಾರ ಎಣ್ಣೆಗಲ್ಲಿನ ಮೇಲೆ ತೀಡುವುದೇ ಕೆಲಸ.
ಆಮೇಲೆ ಕೆಂಪು ಪುಡಿ ಹಚ್ಚಿದ ಬಾರಿನ ಮೇಲೆ,
ಅಲಗಿನಲ್ಲಿ ಕಿಟಕಿಯ ಬೆಳಕು ಕಾಣುವ ತನಕ.

ಮೂರನೆಯ ವಾರ ಚುಚ್ಚಿಕೊಂಡೆ. ಉಗುರಿನ ಬುಡಕ್ಕೇ.
ಆಗ, ಯಾಕೋ, ಹೇಳಿಬಿಟ್ಟೆ:
ನಮ್ಮಜ್ಜ, ಅವನಜ್ಜ, ಎಲ್ಲ ಮೆಟ್ಟು ಹೊಲಿದವರು.
ನಮ್ಮ ಮೆಟ್ಟು ಮೆಟ್ಟಿಕೊಂಡೇ
ಊರು ನಮ್ಮ ಓಣಿಯನ್ನು ಬಳಸಿ ಹೋಗುತ್ತಿತ್ತು.
ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ
ಅಪ್ಪ ಬರೆಸಿದ್ದು 'ಕೂಲಿ'.
ರಂಪಿಗೆ, ಆರಿ, ಬಡಿಯುವ ಕಲ್ಲು
ಕಬ್ಬಿಣವಷ್ಟೂ ಗುಜರಿಗೆ ತೂಕಕ್ಕೆ ಹೋಯಿತು.
ಕಲ್ಲನ್ನು ಅವರೂ ಒಯ್ಯಲಿಲ್ಲ.
ನಾನು ಒಮ್ಮೆಯೂ ಮುಟ್ಟಿದವನಲ್ಲ ಎನಿಡ್,
ಆದರೂ ಕೈಗೆ ಗೊತ್ತಿರಬೇಕಿತ್ತಲ್ಲ, ರಕ್ತದಲ್ಲಿ ಬರಬೇಕಿತ್ತಲ್ಲ?

ಅವಳು ಹತ್ತಿ ಒತ್ತಿದಳು.
"ರಕ್ತದಾಗ ಬರಂಗಿಲ್ಲಪಾ ಇದು.
ರಕ್ತ ಬರತದ, ಅಷ್ಟ.
ಕುಂಡ್ರು. ತೊಗಲಿನ ಹಿಂದ ಬೂಚು ಹಿಡಿ."

ನಕ್ಕೆ.
ಹೆಗಲ ಮೇಲಿದ್ದ ನಾಲ್ಕು ತಲೆಮಾರು ಇಳಿದು
ಮೂಲೆಯ ಸ್ಟೂಲಿನ ಮೇಲೆ ಒತ್ತರಿಸಿ ಕೂತವು,
ನನ್ನ ಹೊಲಿಗೆ ನೋಡುತ್ತ, ತಮ್ಮತಮ್ಮಲ್ಲೇ ತಪ್ಪು ಎಣಿಸುತ್ತ.

ಎರಡು ಸೂಜಿ, ಮೇಣ ಹಚ್ಚಿದ ಒಂದೇ ದಾರ.
ಇಂಚಿಗೆ ಎಂಟು.
ಸೂಜಿ ಎಳೆಯುವಾಗಲೂ ಆರಿಯನ್ನು ಕೆಳಗಿಡುವಂತಿಲ್ಲ;
ಇಟ್ಟರೆ ಕೈ ಲಯ ಮರೆಯುತ್ತದೆ.
ಒಂದು ದಿನ ಇಡುವುದನ್ನು ಮರೆತೆ.
ಮರೆತದ್ದು ಗೊತ್ತಾದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ಹೊಸ ಅವಧಿಗೆ ಹೊಸ ಅರ್ಜಿ. ಹಿಂದಿನ ಅನುಭವ?
ಪೆನ್ನು ತುಸು ಹೊತ್ತು ನಿಂತಿತು.
ಹನ್ನೆರಡು ವಾರ, ಎಂದು ಬರೆದೆ.
ಇದೂ ಸುಳ್ಳೇನಲ್ಲ.

ಈಗ ಪಕ್ಕದ ಮನೆಯ ಮಾರ್ಲೀನಳ ವಿಪೆಟ್ ನಾಯಿ
ಕಾಲುವೆಯ ದಂಡೆಯಲ್ಲಿ ನನ್ನ ಮುಂದೆ ಓಡುತ್ತದೆ,
ಕತ್ತಿಗೆ ನಾನು ಹೊಲಿದ ಅಗಲ ಪಟ್ಟಿ.
ಬಕಲ್ಲಿನಿಂದ ಐದನೆಯ ಹೊಲಿಗೆ ಸೊಟ್ಟ.
ಬಾತುಕೋಳಿಗಳಿಗೆ ಕಾಣುವುದಿಲ್ಲ.
ನಾಯಿ ಎಳೆಯುತ್ತದೆ, ಮೈಯೆಲ್ಲ ಬಿಗಿದು ಎಳೆಯುತ್ತದೆ.
ಹಿಡಿದಿದೆ.