ಕಳ್ಳನ ಚಿತ್ರ

ಹಿಮಚಿರತೆಗೆ ಹನ್ನೊಂದು ಕುರಿ ಕಳೆದುಕೊಂಡ ತುರ್ದುಬಾಯ್
ನಾರಿನ್ ಪೇಟೆಯ ನನ್ನ ಕೋಣೆಗೆ ಬಂದು
ಬೂಟಿನ ಹಿಮ ಒದರಿ,
‘ಆ ಕಳ್ಳನ ಮುಖ ಬರೆದುಕೊಡು ಬುರುಲ್ಕಾನ್’ ಎಂದ.
ಮುಂಗಡಕ್ಕೆ ಒಂದು ಗಡಿಗೆ ಬೆಣ್ಣೆ.

ಅಂಗಡಿ ಬೋರ್ಡು ಬರೆದೇ ನರೆತವಳು ನಾನು.
ಆದರೂ ಒಪ್ಪಿದೆ.

ಮೊದಲು ಬಿಳಿಯನ್ನು ಕೊಲ್ಲಬೇಕು.
ಕ್ಯಾನ್ವಾಸಿಗೆ ತೆಳು ಕಂದು ಬಳಿದು
ಹಳೆ ಬನಿಯನ್ನಿನಿಂದ ಒರೆಸಿದೆ.
ಹಿಮದ ಪ್ರಾಣಿಯೂ ಹುಟ್ಟುವುದು ಮಣ್ಣಿನ ಬಣ್ಣದಿಂದ.
ಇದ್ದಿಲಲ್ಲಿ ಒಂದು ದುಂಡು, ಅದಕ್ಕೊಂದು ಗಿಡ್ಡ ಮೂತಿ.
‘ಬೆಕ್ಕಾಯಿತಲ್ಲ’ ಎಂದ ಚಹಾ ಹೀರುತ್ತ.
ಹಣೆ ಎತ್ತರಿಸಿದೆ. ಕಿವಿ ಇಳಿಸಿ ದೂರ ಸರಿಸಿದೆ.
‘ಎಡಗಿವಿ ಹರಿದಿತ್ತು.’
ಹರಿದೆ.

ಆಮೇಲೆ ಕಪ್ಪಿರುವ ಕಡೆಯೆಲ್ಲ ಕಪ್ಪು:
ಮೂಗಿನ ಹೊಳ್ಳೆ, ತುಟಿಯಂಚು, ರೆಪ್ಪೆಯ ಗೆರೆ.
ಕೂದಲು ಮಾತ್ರ ಅವಸರ ಸಹಿಸದು.
ಮೂಗಿನಿಂದ ಹಣೆಗೆ ಗಿಡ್ಡ, ಕೆನ್ನೆಯಿಂದ ಹೊರಗೆ ಉದ್ದ,
ಗಾಳಿ ಮಲಗಿಸಿದ ಹುಲ್ಲಿನಂತೆ
ಬೆಳೆದ ದಿಕ್ಕಿಗೇ ಎಳೆಯಬೇಕು.
ಒಂದೊಂದು ಪದರ ಒಣಗಲು ಮೂರು ಮೂರು ದಿನ.
ಒಲೆಗೆ ಬೆರಣಿ ಹಾಕಿ ಕಾದೆ.
ಅವನು ಮತ್ತೆ ಬಂದ, ಮತ್ತೆ ಬಂದ,
ಕುರಿಗಳ ಮಾತು ಎತ್ತಲೇ ಇಲ್ಲ.

ಚುಕ್ಕೆ ಇಟ್ಟದ್ದು ಒದ್ದೆ ಬೂದಿಬಣ್ಣದ ಮೇಲೆ, ಅಂಚು ಕರಗಲೆಂದು.
ಕಣ್ಣು ಹಸಿರಲ್ಲವೇ ಎಂದೆ.
‘ಅಲ್ಲ. ಮೋಡ ಕವಿದ ದಿನ ನದಿ ಇರುತ್ತದಲ್ಲ, ಹಾಗೆ.’
ಐದು ಸಲ ಬೆರೆಸಿದೆ.
ಆರನೆಯದಕ್ಕೆ ಸುಮ್ಮನಾದ.

‘ಬೆಳಕು ಯಾವ ಕಡೆಯಿಂದ ಇತ್ತು?’

ಬಟ್ಟಲಿನ ಚಹಾ ಆರುವಷ್ಟು ಹೊತ್ತು.
‘ನಾನೇ ಹಿಡಿದಿದ್ದೆ. ಟಾರ್ಚು. ಇನ್ನೊಂದು ಕೈಯಲ್ಲಿ ಬಂದೂಕು.
ದೊಡ್ಡಿಯ ಮೂಲೆಯಲ್ಲಿ ಕೂತಿತ್ತು,
ಹೊಟ್ಟೆ ಬಿರಿಯ ತಿಂದು ಗೋಡೆ ಹಾರಲಾರದೆ.
ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.
ಬಾಗಿಲು ತೆರೆದಿಟ್ಟು ಬಂದೆ.
ಹೆಂಡತಿಗೆ ಗುರಿ ತಪ್ಪಿತು ಅಂದಿದ್ದೇನೆ.’

ಇದ್ದುದರಲ್ಲೇ ಸಣ್ಣ ಬ್ರಷ್ಷು ಹುಡುಕಿ
ಎರಡೂ ಪಾಪೆಯ ಮೇಲೆ ಬಿಳಿ ಇಟ್ಟೆ, ಎಳ್ಳಿಗಿಂತ ಚಿಕ್ಕದು.
ಅದು ನೋಡತೊಡಗಿತು.
ತುರ್ದುಬಾಯ್ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಮೀಸೆ ಕೊನೆಗೆ,
ಬ್ಲೇಡಿನ ತುದಿಯಲ್ಲಿ ಉಸಿರು ಹಿಡಿದು ಗೀರಿದ್ದು.

‘ಅವಳು ಕೇಳಿದರೆ ಆ ಬಿಳಿ ಚಂದ್ರ ಅಂತೀನಿ’ ಎನ್ನುತ್ತ
ಕಂಬಳಿಯಲ್ಲಿ ಸುತ್ತಿ
ಕುದುರೆಯ ಮೇಲೆ ಅಡ್ಡ ಹಿಡಿದು ಹೊರಟ, ಮಲಗಿದ ಮಗುವಿನಂತೆ.
ಬಣ್ಣ ಇನ್ನೂ ಹಸಿ ಇದೆಯೋ ಎಂದು
ಬಾಗಿಲಿಂದ ಕೂಗಿದ್ದು
ಅವನಿಗೆ ಕೇಳಿಸಿತೋ ಇಲ್ಲವೋ.