ಆರನೆಯ ಸಲ

ಗಂಟೆಯ ಬಾಯಿ ಕಟ್ಟಬೇಕೆಂದರು ಮೊದಲ ದಿನವೇ.
ನಾಲ್ಕು ಹಗಲು, ನಾಲ್ಕು ರಾತ್ರಿ.
ನಾನು ತೊರ್ಲೈಫ್, ಈ ದ್ವೀಪದ ಕಲ್ಲು ಚರ್ಚಿನ ಬೀಗದ ಕೈ ನನ್ನ ಸೊಂಟದಲ್ಲಿ,
ಅರವತ್ತೆಂಟು ಮೆಟ್ಟಿಲು ಹತ್ತಿ ಲೋಲಕವನ್ನು ಹಿಡಿದು ನಿಲ್ಲಿಸಿದೆ,
ತುಂಟ ಮಗುವಿನ ರಟ್ಟೆ ಹಿಡಿದ ಹಾಗೆ.
ಒಮ್ಮೆ ಕೊಸರಿತು. ಆಮೇಲೆ ಸುಮ್ಮನಾಯಿತು.
ನಾಲ್ಕೂ ಹತ್ತು.

ಹೀಟರೂ ಆರಿಸಿ ಎಂದಳು ಹೆಡ್ವಿಗ್, ಧ್ವನಿಮುದ್ರಣದ ಯಜಮಾನಿ.
ಕಬ್ಬಿಣ ಕಾದರೆ ಟಿಕ್ ಟಿಕ್ ಅನ್ನುತ್ತದಂತೆ.
ಮೂವತ್ತು ವರ್ಷದಲ್ಲಿ ಒಮ್ಮೆಯೂ ನನಗೆ ಕೇಳಿಸಿರಲಿಲ್ಲ.
ಈಗ ಭಾನುವಾರದ ಪ್ರಾರ್ಥನೆಯಲ್ಲಿ ಅದೊಂದೇ ಕೇಳಿಸುತ್ತದೆ.

ಬರ್ಗೆನ್ನಿನಿಂದ ನಾಲ್ವರು ಬಂದರು ದೋಣಿಯಲ್ಲಿ:
ಎರಡು ವಯೊಲಿನ್, ಒಂದು ವಯೋಲಾ,
ತನ್ನದೇ ಟಿಕೆಟ್ಟು ತೆಗೆದುಕೊಂಡ ಒಂದು ಸೆಲ್ಲೋ.
ಫೆಬ್ರವರಿ. ಬೆರಳು ಕತ್ತರಿಸಿದ ಕೈಗವಸು, ಎರಡೆರಡು ಉಣ್ಣೆಯ ಕಾಲುಚೀಲ.
ಕಮಾನಿನಿಂದ ಮೈಕುಗಳು ಬಾವಲಿಗಳಂತೆ ತಲೆಕೆಳಗಾಗಿ ನೇತಾಡಿದವು.
ಕೃತಿ ಹೊಸದು. ಬರೆದ ಹುಡುಗಿಗೆ ಇನ್ನೂ ಮೂವತ್ತಾಗಿಲ್ಲ;
ಕೊನೆಯ ಬೆಂಚಿನಲ್ಲಿ ಕೋಟು ಹೊದ್ದು ಉಗುರು ಕಚ್ಚುತ್ತಿದ್ದಳು.

ಹತ್ತರ ದೋಣಿ ಹೋದ ಮೇಲೆಯೇ ನುಡಿಸುವುದು.
ಹಗಲು ಅವರು ನಿದ್ದೆ ಮಾಡುತ್ತಿದ್ದರು. ಊರು ತಬ್ಬಿಬ್ಬು.
ಎಲ್ಲರ ಜೇಬಲ್ಲೂ ಫೋನಿದೆ, ಆದರೂ
ಗಂಟೆ ಹೊಡೆಯದೆ ಮಧ್ಯಾಹ್ನವಾಯಿತೆಂದು ಯಾರೂ ನಂಬಲಿಲ್ಲ.
ಬೇಕರಿಯ ಓಡ್‌ವಾರ್ ಎರಡು ತಟ್ಟೆ ಬ್ರೆಡ್ಡು ಸುಟ್ಟ,
ಬೈದದ್ದು ನನ್ನನ್ನು.

ಮೂರನೆಯ ರಾತ್ರಿ ನಿಧಾನದ ಭಾಗ.
ವಯೋಲಾ ಒಂಟಿಯಾಗಿ ಹೊರಡುತ್ತದೆ,
ಕತ್ತಲಲ್ಲಿ ಗೋಡೆ ತಡವುತ್ತ ಹೋಗುವವರ ಹಾಗೆ.
ಬಹಳ ದೂರ ಹೋದಮೇಲೆ ಉಳಿದ ಮೂವರು ಬಂದು ಕೈ ಹಿಡಿಯುತ್ತಾರೆ.
‘ಇನ್ನೊಮ್ಮೆ,’ ಎಂದಳು ಹೆಡ್ವಿಗ್ ಪಕ್ಕದ ಕೋಣೆಯಿಂದ.
‘ಇನ್ನೊಮ್ಮೆ.’
ನಾಲ್ಕನೆಯ ಸಲ ಕುರ್ಚಿ ಕಿರುಗುಟ್ಟಿತು.
ಐದನೆಯದು ಎಷ್ಟು ಚೆನ್ನಾಗಿತ್ತು, ಹೊರಗೊಂದು ಕುರಿ ಕೆಮ್ಮುವವರೆಗೆ.
ಆರು. ಏಳು.
ಏಳಕ್ಕೆ ಹುಡುಗಿ ಉಗುರು ಕಚ್ಚುವುದನ್ನು ಬಿಟ್ಟಳು.

ಬೆಳಗ್ಗೆ ರಾಗ್ನ್‌ಫ್ರಿಡ್ ಬಂದಳು, ಗೋಡೆಯಾಚೆಯ ಮನೆಯವಳು.
ಅವಳ ತಾಯಿ ಗುನ್ವೋರ್ ರಾತ್ರಿ ತೀರಿಕೊಂಡಿದ್ದಳು, ತೊಂಬತ್ತೊಂದು ವರ್ಷ.
ಡಾಕ್ಟರು ಕೇಳಿದರು, ಎಷ್ಟು ಹೊತ್ತಿಗೆ?
ಗಂಟೆ ಹೊಡೆಯಲಿಲ್ಲವಲ್ಲ, ಎಂದಳು.
ಒಂದು ಕೈ ಅಮ್ಮನ ಕೈಯಲ್ಲಿ, ಇನ್ನೊಂದು ಅವಳ ಹಣೆಯ ಮೇಲೆ,
ಫೋನು ಯಾರು ನೋಡುತ್ತಾರೆ?
ಆದರೆ ಎಣಿಸುತ್ತಿದ್ದೆ.
ಅದನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದರು.
ಆರನೆಯ ಸಲ. ಉಳಿದ ಮೂವರು ಸೇರುವ ಮೊದಲು.

ಹೆಡ್ವಿಗ್‌ಳನ್ನು ಎಬ್ಬಿಸಿದೆ. ನೋಟುಪುಸ್ತಕ ತೆರೆದಳು.
ಪೆನ್ಸಿಲ್ಲಿನಲ್ಲಿ: ಆರು. ಒಂದೂ ಐವತ್ತೆರಡು. ವಯೋಲಾ ಯಾಕೋ ತಡ. ಬೇಡ.
ಒಂದೂ ಐವತ್ತೆರಡು ಎಂದು ದಾಖಲೆಯಲ್ಲಿ ಬರೆದೆ.
ಡಾಕ್ಟರು ಸಹಿ ಹಾಕಿದರು.

ಸೆಪ್ಟೆಂಬರಿನಲ್ಲಿ ಅಂಚೆಯಲ್ಲಿ ಆಲ್ಬಮ್ ಬಂತು.
ಮುಖಪುಟದಲ್ಲಿ ನಮ್ಮ ಗೋಪುರ, ನಾಲ್ಕೂ ಹತ್ತು.
ಓಸ್ಲೋದ ಪತ್ರಿಕೆ ಬರೆದಿತ್ತು: ಈ ವರ್ಷ ಕೇಳಲೇಬೇಕಾದ್ದು,
ಇದರ ಮೌನಕ್ಕೂ ತೂಕವಿದೆ.
ಹೌದು, ಹೀಟರು ಆರಿಸಿದವನು ನಾನು.

ಜೊತೆಗೆ ಹೆಡ್ವಿಗ್‌ಳ ಕಾಗದ:
ನಿಧಾನದ ಭಾಗ ಕುರಿಯವರೆಗೆ ಐದನೆಯದು, ಅಲ್ಲಿಂದ ಏಳನೆಯದು.
ಬೆಸುಗೆ ಎಲ್ಲೆಂದು ಕಂಡುಹಿಡಿದರೆ ಊಟ ಕೊಡಿಸುತ್ತೇನೆ.

ರಾಗ್ನ್‌ಫ್ರಿಡಳ ಅಡುಗೆಮನೆಯಲ್ಲಿ ಹಾಕಿ ಕೇಳಿದೆವು.
ವಯೋಲಾ ಹೊರಟಿತು. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು.
‘ಅಲ್ಲಿ,’ ಎಂದಳು.
‘ಇಲ್ಲ, ಇನ್ನೂ ಮುಂದೆ,’ ಎಂದೆ.
ಇಬ್ಬರಿಗೂ ಗೊತ್ತಾಗಲಿಲ್ಲ.
ಐದರ ಪಕ್ಕಕ್ಕೆ ಏಳು ಎಷ್ಟು ಒತ್ತಿ ಕುಳಿತಿತ್ತೆಂದರೆ
ನಡುವೆ ಒಂದು ಕೂದಲು ತೂರುವಂತಿರಲಿಲ್ಲ.

‘ಆರನೆಯದನ್ನು ಏನು ಮಾಡುತ್ತಾರೆ?’
‘ಅಳಿಸುವುದಿಲ್ಲವಂತೆ. ಬರ್ಗೆನ್ನಿನ ಯಾವುದೋ ನೆಲಮಾಳಿಗೆಯಲ್ಲಿ
ಡಬ್ಬಿಯೊಳಗೆ ಇಡುತ್ತಾರಂತೆ. ಬೇಕಾದರೆ ಬರೆದು ಕೇಳಲೇ?’

ಅವಳು ಕಾಫಿ ಸುರಿದಳು. ನನಗೆ ಸಕ್ಕರೆ ಹಾಕುವುದು ಮರೆತಳು.
‘ಇರಲಿ ಬಿಡು, ಅಲ್ಲೇ ಇರಲಿ,’ ಎಂದಳು.
‘ಇನ್ನೊಮ್ಮೆ ಹಾಕು.’