ಹಳದಿ ತುಂಡು

ಮೇ ತಿಂಗಳ ಐತವಾರ. ಐದೂವರಿಗೇ ಎದ್ದು
ಅಂಗಳದ ಶಹಾಬಾದ ಪರಸಿ ಮ್ಯಾಲ ಬೆನ್ನು ಹಚ್ಚೀನಿ.
ರಾತ್ರಿ ನೀರು ಹೊಡದ ಕಲ್ಲು, ಇನ್ನೂ ತಣ್ಣಗದ.
ಎಂಟು ದಾಟಿತಂದ್ರ ಇದೇ ಕಲ್ಲು ರೊಟ್ಟಿ ಹಂಚು.

ನನ್ನ ಮ್ಯಾಲ ಕೆಂಪು ಕಾರು, ಎರಡೇ ಬಾಗಲದ್ದು,
ಸೊಲ್ಲಾಪುರದ ಹಲ್ಲಿನ ಡಾಕ್ಟರು ಮಾರಿದ್ದು.
"ನಾಕು ಮಂದಿ ಕೂಡಲಾರದ ಕಾರು ಎದಕ?" ಅಂತ ಅವ್ವ.
ಗೇರು ಬಿದ್ದಾಗೊಮ್ಮೆ ಒಳಗ ಎಂಜಿನ್ನು
ನಿದ್ದಿಗಣ್ಣಾಗ ಮಗ್ಗಲು ಬದಲಿಸಿದಂಗ ಹೊಳ್ಳತಿತ್ತು;
ಕಾಲು ಒತ್ತಿದ್ದು ಒಂದು ಗಳಿಗಿ,
ಗಾಲಿಗೆ ತಿಳಿದದ್ದು ಇನ್ನೊಂದು ಗಳಿಗಿ.

ಹಳೇ ಮೌಂಟಿನ ರಬ್ಬರಿನಾಗ
ಬೇಕಂತಲೇ ಬಿಟ್ಟ ಎರಡು ಖಾಲಿ,
ಹಲ್ಲಿಲ್ಲದ ಬಾಯಿ ನಕ್ಕಂಗ.
ಅವನ್ನ ತುಂಬಾಕ ಪುಣೆಯಿಂದ ಪಾರ್ಸೆಲ್ಲಿನಾಗ
ಬಂದಾವು ಹಳದಿ ತುಂಡು ಎರಡು. ಪಾಲಿಯುರೆಥೇನ್.
"ಮಾವಿನ ಹೋಳೇನ? ಉಪ್ಪಿನಕಾಯಿ ಹಾಕ್ತಿ?"
ಅಂತ ಒದರಿದ ಬಾಜೂ ಮನಿ ಅಂಬಾರಾಯ ಕಾಕಾ.

ಕಾಕಾಗ ಕೇಳಿಸೂದಿಲ್ಲ.
ಗಂಜಿನ ದಾಲ್ ಮಿಲ್ಲಿನಾಗ ಮೂವತ್ತೊಂದು ವರ್ಷ
ತೊಗರಿ ಒಡಿಯೋ ಯಂತ್ರದ ಮಗ್ಗಲ ನಿಂತು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದಾನ.
ತನ್ನ ದನಿ ತನಗಾದ್ರೂ ಮುಟ್ಟಲಿ ಅಂತ ಒದರತಾನ.
ಓಣಿಯವರು ನಗತಾರ. ನಾ ಕೈಸನ್ನಿ ಮಾಡ್ತೀನಿ.

ಸಂಪಿನ ಕೆಳಗ ಜಾಕು, ಜಾಕಿನ ಮ್ಯಾಲ ಬೇವಿನ ಕೊರಡು.
ಎಂಜಿನ್ನಿನ ಭಾರ ಕಟಿಗಿಗೆ ಕೊಟ್ಟು ಬೋಲ್ಟು ಬಿಚ್ಚಿದೆ.
ಸೋಪಿನ ನೀರು ಹಚ್ಚಿದೆ, ಒತ್ತಿದೆ, ಬಡಿದೆ,
ಹೋಗವಲ್ಲವು. ಹೆಬ್ಬೆರಳು ಸುಲೀತು.
ಒಂಬತ್ತಾತು. ಬಿಸಿಲು ಗ್ವಾಡಿ ಇಳಿದು ಪಾನಾದ ತನಕ ಬಂತು,
ಮುಟ್ಟಿದ್ರ ಚುರ್ ಅಂತದ.
ಕಾಕಾ ಏನೂ ಅನ್ನಲಾರದ ಎರಡೂ ತುಂಡು ತಗೊಂಡು
ಕಾದ ಪರಸಿ ಮ್ಯಾಲ ಇಟ್ಟ, ಸಂಡಗಿ ಒಣಾಕಿದಂಗ.
ಊರೆಲ್ಲ ಬೈಯೋ ಬಿಸಿಲಿಗೆ ಒಂದು ಕೆಲಸ ಹಚ್ಚಿದ.
ಒಂದು ಕಪ್ಪು ಚಹಾ ಮುಗಿಯೋದ್ರಾಗ ಮೆತ್ತಗಾಗಿ
ಜಾರಿ ಕುಂತವು, ಚಪ್ ಅಂತ.
ಆ ಸಪ್ಪಳ ಅವನ ಬೆರಳಿಗೆ ತಿಳೀತು. ತಲಿ ಆಡಿಸಿದ.

ಬೋಲ್ಟಿನ ತೂತು ಮಾತ್ರ ಜೋಳದ ಕಾಳಿನಷ್ಟು ಸರದಿತ್ತು.
ಎಂಜಿನ್ನಿಗೆ ಅಂಗೈ ಹಚ್ಚಿ "ಎತ್ತು" ಅಂದ,
"ಇನ್ನ ಜರಾ" ಅಂದ,
"ಬಸ್!" ಅಂದ, ಮೂರು ಮನಿಗೆ ಕೇಳೋ ಹಂಗ.
ಬೋಲ್ಟು ತನ್ನ ಮನಿಗೆ ತಾನೇ ಹೋತು.

ಚಾವಿ ತಿರುವಿದೆ.
ಕನ್ನಡಿಯೊಳಗಿನ ಬೇವಿನ ಗಿಡ ಎರಡಾತು.
ಡ್ಯಾಶಿನ ಮ್ಯಾಲಿನ ಚಿಲ್ಲರ ಕುಣೀಲಾಕ ಹತ್ತಿತು.
ಸೀಟು, ಸ್ಟೇರಿಂಗು, ನನ್ನ ದವಡಿ
ಎಲ್ಲಾ ಒಂದೇ ಸಮ ಜುಂ.
ಕಟ್ಟಿ ಮ್ಯಾಲಿಂದ ಅವ್ವ:
"ನಾಕು ಸಾವಿರ ಕೊಟ್ಟು ನಡುಕ ತಂದೇನವ್ವಾ?"
ಖರೇ ಹೇಳ್ತೀನಿ, ನನಗೂ ಹಂಗೇ ಅನಿಸ್ತು.
ಡಬ್ಬಿ ಮ್ಯಾಲ ಬರದಿದ್ರು, ಸ್ವಲ್ಪ ಕಂಪನ ಸಹಜ ಅಂತ.
ಸ್ವಲ್ಪ ಅಂದ್ರ ಎಷ್ಟು ಅಂತ ಬರದಿರಲಿಲ್ಲ.

ಕಾಕಾ ಬಾಜೂ ಸೀಟಿನಾಗ ಮಡಚಿಕೊಂಡು ಕುಂತ.
ರುಮಾಲು ಛತ್ತಿಗೆ ತಾಗಿತು, ತೆಗೆದು ತೊಡಿ ಮ್ಯಾಲ ಇಟಗೊಂಡ.
ಡ್ಯಾಶಿಗೆ ಅಂಗೈ ಹಚ್ಚಿ ಕಣ್ಣು ಮುಚ್ಚಿದ.
ಹೋದ ತಿಂಗಳು ಇದೇ ಸೀಟಿನಾಗ ಕುಂತು
"ಚಾಲೂ ಆಗ್ಯದೇನ?" ಅಂತ ಕೇಳಿದ್ದ.

ಬಾಳೊತ್ತು ಮಾತಿಲ್ಲ.
ಆಮ್ಯಾಲ, ನಾ ಕಂಡಂಗ ಮೊದಲ ಸಲ, ಮೆಲ್ಲಕ ಅಂದ:
"ನಾಕರಾಗ ಒಂದು ಕುಂಟಲಾಕತ್ತದ, ಮಾನಂದಾ.
ನಾಳಿ ಪ್ಲಗ್ಗು ತೆಗಿ."

ಬಾನೆಟ್ಟಿಗೆ ಕಿವಿ ಹಚ್ಚಿ ಕೇಳಿದೆ.
ನನಗೇನೂ ಕೇಳಿಸಲಿಲ್ಲ.